ಸೈಲೋಸಿಬಿನ್ ನನಗೇಕೆ ನಾಟಲಿಲ್ಲ?

ಪ್ರಶ್ನೆ: ನನಗೆ 46 ವರ್ಷ. ಹನ್ನೊಂದು ವರ್ಷಗಳಿಂದ ಖಿನ್ನತೆಯಿದೆ. ಅದರಲ್ಲಿ ಒಂಬತ್ತು ವರ್ಷ ಎಸ್ಸಿಟಲೋಪ್ರಾಮ್ ಮಾತ್ರೆ ನುಂಗಿದ್ದೇನೆ. ನಾಲ್ಕು ತಿಂಗಳ ಹಿಂದೆ ಒಂದು ವೈದ್ಯಕೀಯ ಪ್ರಯೋಗಕ್ಕೆ ಸೇರಿದೆ. ಮಾತ್ರೆಯನ್ನು ನಿಧಾನವಾಗಿ ಇಳಿಸಿ ನಿಲ್ಲಿಸಿ, ಎರಡು ವಾರ ಕಳೆದ ಮೇಲೆ ಸೈಲೋಸಿಬಿನ್ ಕೊಟ್ಟರು. ಕೆಲವು ಅಣಬೆಗಳಲ್ಲಿರುವ, ಭ್ರಮಾನುಭವ ತರುವ ವಸ್ತು ಅದು. ಪ್ರಮಾಣ 25 ಮಿ.ಗ್ರಾಂ. ಎಂದು ಆಮೇಲೆ ಅವರೇ ತಿಳಿಸಿದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಆರು ಗಂಟೆ ಮಲಗಿದ್ದೆ. ಸ್ವಲ್ಪ ಬಣ್ಣಗಳು ಕಂಡವು, ಕೈಕಾಲು ಹಗುರಾದಂತಾಯಿತು, ಅಷ್ಟೇ. ಸಂಗೀತದಲ್ಲಿ ಈಗ ಯಾವ ವಾದ್ಯ ನುಡಿಯುತ್ತಿದೆ ಎಂದು ಗುರುತಿಸುತ್ತಾ ಮಲಗಿದ್ದೆ. ಗಂಟೆ ಎಷ್ಟಾಯಿತು ಎಂದು ನಾಲ್ಕು ಸಲ ಕೇಳಿದೆನಂತೆ. ಖಿನ್ನತೆಯ ಅಂಕ 32 ಇದ್ದದ್ದು ಮೂರು ವಾರಗಳ ನಂತರ 20ಕ್ಕೆ ಬಂತು. ಕಡತದಲ್ಲಿ ‘ಸ್ಪಂದಿಸಲಿಲ್ಲ’ ಎಂದು ಬರೆದರು. ಈಗ ಮತ್ತೆ ಮೊದಲಿನ ಸ್ಥಿತಿಗೆ ಜಾರುತ್ತಿದ್ದೇನೆ. ‘ನೀವು ಮನಸ್ಸನ್ನು ಪೂರ್ತಿ ಬಿಟ್ಟುಕೊಡಲಿಲ್ಲ’ ಎಂದು ಅಲ್ಲಿನ ಒಬ್ಬರು ಹೇಳಿದ ಮಾತು ಕಿವಿಯಲ್ಲೇ ಉಳಿದಿದೆ. ದೋಷ ನನ್ನಲ್ಲೇ ಇದೆಯೇ? ಹೆಚ್ಚು ಪ್ರಮಾಣದಲ್ಲಿ ಇನ್ನೊಮ್ಮೆ ತೆಗೆದುಕೊಂಡರೆ ನಾಟೀತೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು 32 ಮತ್ತು 20 ಎಂಬ ಎರಡು ಸಂಖ್ಯೆಗಳ ಮೇಲೆ. ಇಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವುದು ‘ಮ್ಯಾಡ್ರಸ್’ ಎಂಬ ಮಾಪನವನ್ನು. ಅದರಲ್ಲಿ ಸೊನ್ನೆಯಿಂದ 60ರವರೆಗೆ ಅಂಕಗಳಿರುತ್ತವೆ. ನಿಮ್ಮನ್ನೂ ಅದರಲ್ಲೇ ಅಳೆದಿದ್ದಾರೆ ಎಂದುಕೊಂಡು ಹೇಳುತ್ತೇನೆ. ಮೊದಲಿದ್ದ ಅಂಕ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದರೆ ಮಾತ್ರ ‘ಸ್ಪಂದಿಸಿದರು’ ಎಂದು ಬರೆಯುವುದು ರೂಢಿ. ನಿಮ್ಮ ಪಾಲಿಗೆ ಆ ಗೆರೆ 16. ನೀವು 20ಕ್ಕೆ ಬಂದು ನಿಂತಿರಿ. ನಾಲ್ಕು ಅಂಕಗಳ ಅಂತರದಲ್ಲಿ ನಿಮ್ಮ ಹೆಸರು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹೋಯಿತು.

ಈ ಚಿಕಿತ್ಸೆಯ ಮುಖ್ಯ ಪರೀಕ್ಷೆಗಳಲ್ಲಿ ಒಂದರ ಫಲಿತಾಂಶ 2022ರ ನವೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಹತ್ತು ದೇಶಗಳ 233 ಮಂದಿ ಅದರಲ್ಲಿದ್ದರು. ಎಲ್ಲರೂ ಔಷಧಗಳಿಗೆ ಬಗ್ಗದ ಖಿನ್ನತೆಯವರು, ನಿಮ್ಮಂತೆಯೇ. 25 ಮಿ.ಗ್ರಾಂ. ಪಡೆದವರ ಅಂಕ ಮೂರು ವಾರಗಳಲ್ಲಿ ಸರಾಸರಿ ಎಷ್ಟು ಇಳಿಯಿತು ಗೊತ್ತೇ? 12. ನಿಮ್ಮ ಅಂಕ ಇಳಿದದ್ದೂ 12. ಹೆಸರಿಗಷ್ಟೇ ಎಂಬಂತೆ 1 ಮಿ.ಗ್ರಾಂ. ಪಡೆದವರಲ್ಲಿ ಇಳಿಕೆ 5.4 ಇತ್ತು. ‘ಸ್ಪಂದಿಸಿದರು’ ಎಂಬ ಗೆರೆ ದಾಟಿದವರು 25 ಮಿ.ಗ್ರಾಂ. ಗುಂಪಿನಲ್ಲಿ ನೂರಕ್ಕೆ 37 ಮಂದಿ. ಹನ್ನೆರಡನೆಯ ವಾರದವರೆಗೂ ಆ ಸುಧಾರಣೆಯನ್ನು ಉಳಿಸಿಕೊಂಡವರು ನೂರಕ್ಕೆ 20. ಅಂದರೆ ಪೂರ್ಣ ಪ್ರಮಾಣ ಪಡೆದವರಲ್ಲೂ ಗೆರೆ ದಾಟದವರೇ ಬಹುಮತ. ನೀವು ಆ ಬಹುಮತದಲ್ಲಿದ್ದೀರಿ. ದೋಷ ನಿಮ್ಮಲ್ಲಿದೆಯೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಇಲ್ಲ.

ಆದರೂ ‘ಏಕೆ’ ಎಂಬುದು ಉಳಿಯುತ್ತದೆ, ಮತ್ತು ಅದು ಒಳ್ಳೆಯ ಪ್ರಶ್ನೆ. ನಿಮ್ಮ ಪತ್ರದಲ್ಲಿ ಎರಡು ಬೇರೆ ಸಂಗತಿಗಳು ಹೆಣೆದುಕೊಂಡಿವೆ. ಆ ದಿನದ ಅನುಭವ ಮಂಕಾಗಿತ್ತು ಎಂಬುದು ಒಂದು. ಬಂದ ಗುಣ ನಿಲ್ಲಲಿಲ್ಲ ಎಂಬುದು ಇನ್ನೊಂದು. ಎರಡಕ್ಕೂ ಕಾರಣಗಳು ಬೇರೆ, ಆದ್ದರಿಂದ ಬಿಡಿಸಿ ನೋಡೋಣ.

ಮೊದಲು ಆ ದಿನ. ನುಂಗಿದ ಸೈಲೋಸಿಬಿನ್ ದೇಹದಲ್ಲಿ ಸೈಲೋಸಿನ್ ಆಗುತ್ತದೆ. ಸೆರೊಟೋನಿನ್ ಎಂಬುದು ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ; ಅದು ಬಂದು ಕೂರುವ ತಾಣಗಳಿಗೆ ಗ್ರಾಹಕಗಳು ಎನ್ನುತ್ತಾರೆ. ಸೈಲೋಸಿನ್ ಮಿದುಳಿನ ತೊಗಟೆಯಲ್ಲಿರುವ ಸೆರೊಟೋನಿನ್ 2ಎ ಎಂಬ ಗ್ರಾಹಕಗಳ ಮೇಲೆ ಕುಳಿತಾಗ ಅನುಭವ ಏಳುತ್ತದೆ. ಇದು ಊಹೆಯಲ್ಲ. 1998ರಲ್ಲಿ ಜ್ಯೂರಿಕ್‌ನ ಫ್ರಾನ್ಸ್ ಫೋಲೆನ್‌ವೈಡರ್ ಅವರ ತಂಡ ಆ ಗ್ರಾಹಕವನ್ನು ಮುಚ್ಚುವ ಔಷಧವನ್ನು ಮೊದಲೇ ಕೊಟ್ಟು ನೋಡಿತು. ಸೈಲೋಸಿಬಿನ್ನಿನ ಅನುಭವ ಏಳಲೇ ಇಲ್ಲ. ಹೀಗಾಗಿ ‘ನನಗೆ ಏನೂ ಆಗಲಿಲ್ಲ’ ಎಂದು ಯಾರಾದರೂ ಹೇಳಿದರೆ ನಾನು ಮನಸ್ಸಿನ ವಿಷಯಕ್ಕೆ ಹೋಗುವ ಮೊದಲು ಔಷಧದ ಚೀಟಿ ಕೇಳುತ್ತೇನೆ. ಮನೋವಿಕಾರಗಳಿಗೆ ಕೊಡುವ ಒಲಾಂಜಪೈನ್, ರಿಸ್ಪೆರಿಡೋನ್, ಕ್ವೆಟಿಯಾಪಿನ್ ಆ ಗ್ರಾಹಕವನ್ನು ಮುಚ್ಚುತ್ತವೆ. ನಿದ್ದೆಗೆಂದು ಕೊಡುವ ಮಿರ್ಟಜಪೈನ್, ಟ್ರಾಜೋಡೋನ್ ಕೂಡ ಅದೇ ಕೆಲಸ ಮಾಡುತ್ತವೆ. ರಾತ್ರಿ ನಿದ್ದೆ ಬರಲೆಂದು ಅರ್ಧ ಮಾತ್ರೆ ನುಂಗಿದ್ದನ್ನು ‘ಅದು ಖಿನ್ನತೆಗಲ್ಲವಲ್ಲ’ ಎಂದುಕೊಂಡು ಹೇಳದೆ ಬಿಟ್ಟವರನ್ನು ನಾನು ಕಂಡಿದ್ದೇನೆ.

ನಿಮ್ಮ ವಿಷಯದಲ್ಲಿ ನನ್ನ ಮೊದಲ ಅನುಮಾನ ಆ ಒಂಬತ್ತು ವರ್ಷಗಳ ಎಸ್ಸಿಟಲೋಪ್ರಾಮ್ ಮೇಲೆ. ಅದು ಗ್ರಾಹಕವನ್ನು ಮುಚ್ಚುವುದಿಲ್ಲ. ನರಕೋಶಗಳ ನಡುವೆ ಸೆರೊಟೋನಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ವರ್ಷಗಟ್ಟಲೆ ಹಾಗಾದಾಗ ಮಿದುಳು ಅದಕ್ಕೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ದಿನವಿಡೀ ಗಿರಣಿಯ ಸದ್ದಿನಲ್ಲಿ ನಿಂತವರ ಕಿವಿ ಹೊರಗೆ ಬಂದ ಕೂಡಲೇ ಪಿಸುಮಾತನ್ನು ಹಿಡಿಯುವುದಿಲ್ಲವಲ್ಲ, ಹಾಗೆ. ಎಸ್ಸಿಟಲೋಪ್ರಾಮ್ ರಕ್ತದಿಂದ ಹೋಗಲು ಸುಮಾರು ಒಂದು ವಾರ ಸಾಕು. ಆ ಲೆಕ್ಕದಲ್ಲಿ ನಿಮಗೆ ಕೊಟ್ಟ ಎರಡು ವಾರ ಧಾರಾಳವೇ. ಆದರೆ ರಕ್ತ ಶುದ್ಧವಾಗುವುದು ಬೇರೆ, ಮಿದುಳು ಹಳೆಯ ಸೂಕ್ಷ್ಮತೆಗೆ ಮರಳುವುದು ಬೇರೆ. ಇಂಥ ಮಾತ್ರೆಗಳ ಜೊತೆಗೆ ಸೈಲೋಸಿಬಿನ್ ಅಣಬೆ ತಿಂದವರನ್ನು ವಿಚಾರಿಸಿ 2023ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಅನುಭವ ಮಂಕಾಗಿತ್ತು. ಮಾತ್ರೆ ನಿಲ್ಲಿಸಿದ ಮೇಲೂ ಈ ಮಂಕು ಮೂರು ತಿಂಗಳವರೆಗೆ ಕಂಡುಬಂದಿತ್ತು.

ಇದಕ್ಕೆ ಎದುರು ನಿಲ್ಲುವ ಸಾಕ್ಷ್ಯವನ್ನೂ ಹೇಳಬೇಕು. ಬಾಸೆಲ್‌ನಲ್ಲಿ ಆರೋಗ್ಯವಂತರಿಗೆ ಎರಡು ವಾರ ಎಸ್ಸಿಟಲೋಪ್ರಾಮ್ ಕೊಟ್ಟು, ಬಳಿಕ ಸೈಲೋಸಿಬಿನ್ ಕೊಟ್ಟು ನೋಡಿದರು. ಹಿತಕರ ಅನುಭವ ಕುಗ್ಗಲಿಲ್ಲ, ಭಯ ಮತ್ತು ಕಸಿವಿಸಿ ಮಾತ್ರ ಕಡಿಮೆಯಾದವು. ಇದು 2022ರಲ್ಲಿ ಪ್ರಕಟವಾದ ಕೆಲಸ. ಇದನ್ನೇ ಹಿಡಿದು ‘ಮಾತ್ರೆಯಿಂದ ತೊಂದರೆಯೇ ಇಲ್ಲ’ ಎನ್ನುವವರಿದ್ದಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಆರೋಗ್ಯವಂತರ ಎರಡು ವಾರಗಳನ್ನು ನಿಮ್ಮ ಒಂಬತ್ತು ವರ್ಷಗಳ ಪಕ್ಕದಲ್ಲಿ ಇಟ್ಟು ತೂಗಲಾಗದು. ಜೊತೆಗೆ ಹಳೆಯ ಮಾತ್ರೆ ಬಿಟ್ಟ ಮೊದಲ ವಾರಗಳಲ್ಲಿ ತಲೆಸುತ್ತು, ನಿದ್ದೆಗೇಡು, ಸಿಡುಕು ಸಹಜ. ಹಾಗಿರುವಾಗಲೇ ನಿಮ್ಮನ್ನು ಆ ಹಾಸಿಗೆಯ ಮೇಲೆ ಮಲಗಿಸಿದ್ದಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನು ದೇಹದಿಂದ ದೇಹಕ್ಕೆ ಇರುವ ವ್ಯತ್ಯಾಸ. ಕೋಪನ್‌ಹೇಗನ್‌ನ ಸಂಶೋಧಕರು ಮಿದುಳಿನ ಸ್ಕ್ಯಾನ್ ಮಾಡುತ್ತಲೇ ರಕ್ತದಲ್ಲಿನ ಸೈಲೋಸಿನ್ ಅಳೆದರು. ರಕ್ತದಲ್ಲಿ ಸೈಲೋಸಿನ್ ಏರಿದಂತೆ ಹೆಚ್ಚು ಗ್ರಾಹಕಗಳು ಭರ್ತಿಯಾದವು, ಅನುಭವವೂ ಅದರ ಜೊತೆಜೊತೆಗೆ ತೀವ್ರವಾಯಿತು. ಭರ್ತಿ 72 ಪ್ರತಿಶತದವರೆಗೂ ಹೋಗಿತ್ತು. ಹೊಟ್ಟೆಯಿಂದ ಎಷ್ಟು ಹೀರಿಕೆಯಾಗುತ್ತದೆ, ಯಕೃತ್ತು ಎಷ್ಟು ಬೇಗ ಹೊರಹಾಕುತ್ತದೆ ಎಂಬುದು ಎಲ್ಲರಲ್ಲಿ ಒಂದೇ ತೆರನಾಗಿರುವುದಿಲ್ಲ. ಆದ್ದರಿಂದ ಒಂದೇ 25 ಮಿ.ಗ್ರಾಂ. ಕ್ಯಾಪ್ಸೂಲ್ ಎಲ್ಲರ ಮಿದುಳಿಗೂ ಒಂದೇ ಪ್ರಮಾಣವಾಗಿ ತಲುಪುವುದಿಲ್ಲ. ವಯಸ್ಸಾದಂತೆ ಈ ಗ್ರಾಹಕಗಳ ಸಂಖ್ಯೆಯೂ ಇಳಿಯುತ್ತದೆ. ಅನೇಕರು ಊಹಿಸುವ ದೇಹದ ತೂಕ ಮಾತ್ರ ಇಲ್ಲಿ ಅಷ್ಟು ಲೆಕ್ಕಕ್ಕೆ ಬರುವುದಿಲ್ಲ. ಜಾನ್ಸ್ ಹಾಪ್‌ಕಿನ್ಸ್‌ನವರು ತಮ್ಮ ಹಲವು ಅಧ್ಯಯನಗಳ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿ ಇದನ್ನು ಕಂಡುಕೊಂಡರು.

ಈಗ ಆ ಗಡಿಯಾರಕ್ಕೆ ಬರುತ್ತೇನೆ, ನಿಮ್ಮನ್ನು ಕೊರೆಯುತ್ತಿರುವ ಮಾತು ಇರುವುದೂ ಅಲ್ಲೇ. ಔಷಧ ಏರುವ ಹೊತ್ತಿನಲ್ಲಿ ಮನಸ್ಸು ಆತಂಕದಲ್ಲಿದ್ದರೆ, ಬೇರೆ ಚಿಂತೆಗಳಲ್ಲಿ ಮುಳುಗಿದ್ದರೆ ಅನುಭವ ಆಳಕ್ಕೆ ಇಳಿಯುವುದು ಕಷ್ಟ. ಸಂಗೀತದಲ್ಲೋ ಕಥೆಯಲ್ಲೋ ಮೈಮರೆಯುವ ಸ್ವಭಾವದವರಿಗೆ ಅದು ಸುಲಭ. ಇವೆರಡನ್ನೂ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. 1960ರ ದಶಕದಲ್ಲಿ ಪ್ರಾಗ್‌ನಲ್ಲಿ ಸೈಲೋಸಿಬಿನ್ನಿನಂಥದೇ ಅನುಭವ ತರುವ ಎಲ್‌ಎಸ್‌ಡಿಯಿಂದ ಚಿಕಿತ್ಸೆ ನಡೆಸಿದ ಸ್ಟಾನಿಸ್ಲಾವ್ ಗ್ರೋಫ್, ತೀವ್ರ ಗೀಳು ರೋಗದವರಿಗೆ ಭಾರೀ ಪ್ರಮಾಣ ಕೊಟ್ಟರೂ ಮನಸ್ಸಿನ ಹಿಡಿತ ಸಡಿಲಗೊಳ್ಳುವುದು ಬಹಳ ನಿಧಾನ ಎಂದು ಗಮನಿಸಿದ್ದರು. ವಾದ್ಯ ಗುರುತಿಸುವುದು, ಗಂಟೆ ಕೇಳುವುದು ಮನಸ್ಸು ದಡ ಬಿಡದೆ ಹಿಡಿದುಕೊಂಡಿರುವ ರೀತಿಗಳು. ಇಷ್ಟರಮಟ್ಟಿಗೆ ನಿಮಗೆ ಹಾಗೆ ಹೇಳಿದವರು ಕಂಡದ್ದು ಸುಳ್ಳಲ್ಲ.

ಆದರೆ ಅದನ್ನು ‘ನೀವು ಬಿಟ್ಟುಕೊಡಲಿಲ್ಲ’ ಎಂದು ರೋಗಿಯ ತಲೆಗೆ ಕಟ್ಟುವುದು ತಪ್ಪು, ದೊಡ್ಡ ತಪ್ಪು. ಹನ್ನೊಂದು ವರ್ಷ ಖಿನ್ನತೆಯೊಡನೆ ಬಾಳಿದ ಮನಸ್ಸು ಒಂದು ಹಿಡಿತದ ಬಲದಿಂದಲೇ ದಿನ ದೂಡಿರುತ್ತದೆ. ಬೆಳಿಗ್ಗೆ ಏಳುವುದಕ್ಕೂ ಆ ಹಿಡಿತ ಬೇಕಾಗಿತ್ತು. ಕೆಲವೇ ಸಲ ಭೇಟಿಯಾದವರ ಎದುರು, ಕಣ್ಣು ಕಟ್ಟಿಸಿಕೊಂಡು, ಅದನ್ನು ಸಡಿಲಬಿಡು ಎಂದರೆ ಮನಸ್ಸು ಕೇಳಬೇಕೇಕೆ? ಬಿಡುವುದು ಆಜ್ಞೆಯಿಂದ ಆಗುವ ಕೆಲಸವಲ್ಲ, ನಂಬಿಕೆಯಿಂದ ಆಗುವಂಥದ್ದು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಪ್ರಯೋಗದ ವಿಶ್ಲೇಷಣೆಯಲ್ಲೂ ಇದೇ ಕಂಡಿತು. ಚಿಕಿತ್ಸಕರೊಡನೆ ಬಾಂಧವ್ಯ ಗಟ್ಟಿಯಾಗಿದ್ದವರಿಗೆ ಆ ದಿನದ ಅನುಭವ ಆಳವಾಗಿತ್ತು, ಅದರ ಮೂಲಕ ಗುಣವೂ ಹೆಚ್ಚಾಗಿತ್ತು. ಬಾಂಧವ್ಯ ಇಬ್ಬರ ನಡುವಿನದು. ಅದು ಕೂಡದಿದ್ದರೆ ರೋಗಿಯೊಬ್ಬರನ್ನೇ ಹೊಣೆ ಮಾಡುವುದು ಯಾವ ನ್ಯಾಯ?

ಒಬ್ಬರ ನೆನಪಾಗುತ್ತದೆ. ನಾನು ಪಕ್ಕದಲ್ಲಿ ಕುಳಿತಿದ್ದ ಅವಧಿಯಲ್ಲಿ ಅವರು ಪದೇಪದೇ ಕಣ್ಣುಪಟ್ಟಿ ಎತ್ತಿ ಗೋಡೆಯತ್ತ ನೋಡುತ್ತಿದ್ದರು. ಎಡಗೈ ಮಂಚದ ಅಂಚನ್ನು ಬಿಟ್ಟಿರಲಿಲ್ಲ. ಆಮೇಲೆ ಮಾತನಾಡುವಾಗ ತಿಳಿಯಿತು, ಚಿಕ್ಕಂದಿನಲ್ಲಿ ಆಸ್ಪತ್ರೆಯಲ್ಲಿದ್ದಾಗ ‘ಸಂಜೆ ಬರುತ್ತೇನೆ’ ಎಂದು ಹೋದ ತಾಯಿ ಮೂರು ದಿನ ಬಂದಿರಲಿಲ್ಲ. ಹೊತ್ತು ನೋಡುತ್ತಿರುವುದೇ ಅವರಿಗೆ ರಕ್ಷಣೆಯಾಗಿತ್ತು. ಎರಡನೆಯ ಅವಧಿಗೆ ನಾವು ಒಂದೇ ಒಂದು ಬದಲಾವಣೆ ಮಾಡಿದೆವು. ಪ್ರತಿ ಗಂಟೆಗೊಮ್ಮೆ, ಅವರು ಕೇಳದೆಯೇ, ನಾನೇ ಮೆಲ್ಲನೆ ಗಂಟೆ ಹೇಳುತ್ತೇನೆ ಎಂದು ಮಾತು ಕೊಟ್ಟೆ. ಮೂರನೆಯ ಸಲ ಹೇಳಿದಾಗ ಅವರ ಎಡಗೈ ಹೊದಿಕೆಯ ಮೇಲೆ ಅಂಗೈ ಮೇಲಾಗಿ ಬಿಚ್ಚಿಕೊಂಡಿತ್ತು.

ಹಾಗಾದರೆ ಆಳವಾದ ಅನುಭವ ಇಲ್ಲದೆ ಗುಣವೇ ಇಲ್ಲವೇ? ಇಲ್ಲಿ ತಜ್ಞರಲ್ಲೇ ಎರಡು ಪಕ್ಷ. 2018ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಖಿನ್ನತೆಯ 20 ಮಂದಿಯಲ್ಲಿ, ತನ್ನ ಎಲ್ಲೆ ಕರಗಿದಂಥ ಅನುಭವ ಪಡೆದವರಿಗೇ ಮುಂದೆ ಹೆಚ್ಚು ಗುಣ ಕಂಡಿತ್ತು. ಕಂಡ ಬಣ್ಣ, ಕೇಳಿದ ಸದ್ದಿಗೆ ಅಂಥ ಸಂಬಂಧ ಇರಲಿಲ್ಲ. ಆದ್ದರಿಂದ ‘ಸ್ವಲ್ಪ ಬಣ್ಣಗಳು, ಅಷ್ಟೇ’ ಎಂಬ ಕೊರಗನ್ನು ಬಿಟ್ಟುಬಿಡಿ. ಬಣ್ಣಗಳ ಜಾತ್ರೆಯಲ್ಲಿ ಆರು ಗಂಟೆ ತಿರುಗಿ ಬಂದು ಗುಣವಾಗದವರೂ ಇದ್ದಾರೆ. ಇನ್ನೊಂದು ಪಕ್ಷ ಇಲಿಗಳ ಕಡೆ ಬೆರಳು ತೋರಿಸುತ್ತದೆ. 2021ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಒಂದೇ ಸಲ ಸೈಲೋಸಿಬಿನ್ ಕೊಟ್ಟ ಇಲಿಗಳ ಮಿದುಳಿನಲ್ಲಿ ನರಕೋಶಗಳ ಸಂಪರ್ಕದ ಮೊಗ್ಗುಗಳು ಸುಮಾರು ಹತ್ತನೆಯ ಒಂದು ಭಾಗದಷ್ಟು ಹೆಚ್ಚಿದ್ದನ್ನು, ತಿಂಗಳ ನಂತರವೂ ಅವುಗಳಲ್ಲಿ ಕೆಲವು ಉಳಿದಿದ್ದನ್ನು ಕಂಡರು. ಅನುಭವಕ್ಕೂ ಗುಣಕ್ಕೂ ನಂಟಿದೆ, ಆದರೆ ಅದೊಂದೇ ದಾರಿಯಲ್ಲ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಅಂಕವೇ ನೋಡಿ, ‘ಏನೂ ಆಗದ’ ಆ ದಿನದ ನಂತರ 12 ಇಳಿಯಿತು.

ಆ 12 ಏಕೆ ಉಳಿಯಲಿಲ್ಲ ಎಂಬುದು ಎರಡನೆಯ ಸಂಗತಿ. ನಾನು ಹೆಚ್ಚು ಮರುಗುವುದು ಇದಕ್ಕೇ. 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಇಲಿಗಳ ಅಧ್ಯಯನವೊಂದು, ಈ ಔಷಧಗಳು ಮರಿ ವಯಸ್ಸಿನ ಕಲಿಕೆಯ ಅವಧಿಯನ್ನು ಮತ್ತೆ ತೆರೆಯುತ್ತವೆ ಎಂದು ತೋರಿಸಿತು. ಅರಿವಳಿಕೆಗೆ ಬಳಸುವ ಕೆಟಮಿನ್ ಕೊಟ್ಟರೆ ಎರಡು ದಿನ, ಸೈಲೋಸಿಬಿನ್ ಕೊಟ್ಟರೆ ಎರಡು ವಾರ, ಎಲ್‌ಎಸ್‌ಡಿ ಕೊಟ್ಟರೆ ಮೂರು ವಾರ. ಇಲಿಯ ಲೆಕ್ಕವನ್ನು ಮನುಷ್ಯರಿಗೆ ನೇರವಾಗಿ ಹೊಂದಿಸಲಾಗದು. ಆದರೂ ನೆಲ ಹದವಾಗಿರುವ ದಿನಗಳು ಕೆಲವೇ ಎಂಬುದನ್ನು ಚಿಕಿತ್ಸೆ ಕೊಡುವವರು ರೋಗಿಗಳಲ್ಲೂ ನೋಡುತ್ತಾರೆ. ಆ ದಿನಗಳಲ್ಲಿ ಏನು ಬಿತ್ತಿದರು? ನಿಮ್ಮ ಪತ್ರದಲ್ಲಿ ಚಿಕಿತ್ಸೆಯ ನಂತರದ ಮಾತುಕತೆಯ ಸುಳಿವೇ ಇಲ್ಲ. ಮೂರು ವಾರಕ್ಕೆ ಅಂಕ ಅಳೆದರು, ಕಡತ ಮುಚ್ಚಿದರು, ನೀವು ಅದೇ ಮನೆಗೆ, ಅದೇ ಕೆಲಸಕ್ಕೆ, ಅದೇ ಒಂಟಿತನಕ್ಕೆ ಮರಳಿದಿರಿ. ಹಳೆಯ ಮಾತ್ರೆಯೂ ಇರಲಿಲ್ಲ. ಹಾಗಾಗಿದ್ದರೆ ಜಾರಿದ್ದರಲ್ಲಿ ಆಶ್ಚರ್ಯವೇನಿದೆ?

ಖಿನ್ನತೆಯ ಮೂಲವನ್ನೂ ಇನ್ನೊಮ್ಮೆ ಪರಿಶೀಲಿಸಬೇಕು. ಹನ್ನೊಂದು ವರ್ಷ ಬಗ್ಗದ ಖಿನ್ನತೆ ಎಂದಾಗ ನಾನು ಥೈರಾಯ್ಡ್ ನೋಡುತ್ತೇನೆ, ಬಿ12 ನೋಡುತ್ತೇನೆ, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ ಎಂದು ಕೇಳುತ್ತೇನೆ. ನಡುವೆ ಎಂದಾದರೂ ಕೆಲವು ದಿನ ನಿದ್ದೆಯೇ ಬೇಡವೆನಿಸುವಷ್ಟು ಹುರುಪು ಬಂದಿತ್ತೇ ಎಂದೂ ಕೇಳುತ್ತೇನೆ, ಏಕೆಂದರೆ ಅತಿ ಹುರುಪು ಮತ್ತು ಖಿನ್ನತೆ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆ ಇದ್ದರೆ ಚಿಕಿತ್ಸೆಯ ದಾರಿಯೇ ಬೇರೆ.

ಜೀವನವೇ ಬದಲಾಯಿತು ಎನ್ನುವವರ ಮಾತುಗಳ ಬಗ್ಗೆಯೂ ಒಂದಿಷ್ಟು ಹೇಳಬೇಕು. 2020ರಲ್ಲಿ ಪ್ರಕಟವಾದ ಜಾನ್ಸ್ ಹಾಪ್‌ಕಿನ್ಸ್ ಅಧ್ಯಯನದಲ್ಲಿ ನಾಲ್ಕನೆಯ ವಾರ 71 ಪ್ರತಿಶತ ಮಂದಿ ಸ್ಪಂದಿಸಿದ್ದರು. ಸುದ್ದಿಯಾದದ್ದು ಆ ಸಂಖ್ಯೆ. ಚಿಕಿತ್ಸೆ ಪೂರೈಸಿದವರು 24 ಮಂದಿ, ಹೋಲಿಕೆಗೆ ಇದ್ದವರು ಸರದಿಗೆ ಕಾಯುತ್ತಿದ್ದವರು ಎಂಬುದು ಅಷ್ಟು ಸುದ್ದಿಯಾಗಲಿಲ್ಲ. ಪ್ರಯೋಗ ದೊಡ್ಡದಾದಂತೆ, ಹೋಲಿಕೆ ಬಿಗಿಯಾದಂತೆ ಸಂಖ್ಯೆ ಇಳಿಯಿತು. 2025ರ ಜೂನ್‌ನಲ್ಲಿ ಹೊರಬಿದ್ದ ಮೂರನೆಯ ಹಂತದ ಪ್ರಯೋಗದಲ್ಲಿ, ಆರನೆಯ ವಾರಕ್ಕೆ, ಸೈಲೋಸಿಬಿನ್‌ಗೂ ಹುಸಿ ಮಾತ್ರೆಗೂ ಇದ್ದ ಸರಾಸರಿ ವ್ಯತ್ಯಾಸ 3.6 ಅಂಕ. ಚಿಕಿತ್ಸೆಗೆ ಶಕ್ತಿಯಿದೆ, ಆದರೆ ಪವಾಡವಲ್ಲ. ನಿರೀಕ್ಷೆ ಹೆಚ್ಚಿದ್ದವರಿಗೆಲ್ಲ ಹೆಚ್ಚು ಗುಣವಾಯಿತು ಎಂದೂ ಇಲ್ಲ. ಎಸ್ಸಿಟಲೋಪ್ರಾಮ್ ಜೊತೆ ಹೋಲಿಸಿದ ಲಂಡನ್ ಪ್ರಯೋಗದಲ್ಲಿ ಮೊದಲೇ ಇದ್ದ ನಿರೀಕ್ಷೆ ಸೈಲೋಸಿಬಿನ್ನಿನ ಫಲವನ್ನು ಮುನ್ಸೂಚಿಸಲಿಲ್ಲ. ನೀವು ನಂಬಿಕೆ ಕಡಿಮೆ ಇಟ್ಟುಕೊಂಡು ಹೋದಿರಿ ಎಂದು ಯಾರಾದರೂ ಹೇಳಿದರೆ ಅದನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇನ್ನೊಮ್ಮೆ, ಹೆಚ್ಚು ಪ್ರಮಾಣದಲ್ಲಿ? ತಾತ್ವಿಕವಾಗಿ ಇದು ಅಸಂಬದ್ಧ ಪ್ರಶ್ನೆಯಲ್ಲ. ಮದ್ಯವ್ಯಸನದ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ, ಮೊದಲ ಸಲ ಅನುಭವ ಮಂಕಾಗಿದ್ದವರಿಗೆ ಎರಡನೆಯ ಅವಧಿಯಲ್ಲಿ ಪ್ರಮಾಣವನ್ನು ಹೆಚ್ಚಿಸುವ ಏರ್ಪಾಡಿತ್ತು. ಆದರೆ ಅದು ನಡೆದದ್ದು ವೈದ್ಯರ ಕಣ್ಗಾವಲಿನಲ್ಲಿ, ರಕ್ತದೊತ್ತಡ ನೋಡುತ್ತಾ. ನೀವಾಗಿಯೇ ಎಲ್ಲಿಂದಲೋ ತರಿಸಿ, ಅಂದಾಜಿನಲ್ಲಿ ಪ್ರಮಾಣ ಏರಿಸಿ ನೋಡಬೇಡಿ. ಒಂದು ದಿನ ನಾಟಲಿಲ್ಲವೆಂದು ಮರುದಿನ, ಅದರ ಮರುದಿನ ತೆಗೆದುಕೊಂಡರಂತೂ ದೇಹ ದಿನಗಳಲ್ಲೇ ಒಗ್ಗಿಕೊಂಡು ಇನ್ನಷ್ಟು ಮಂಕಾಗುತ್ತದೆ. ಮುಂದೆ ಯಾರಾದರೂ ನಿಮಗೆ ಮನಸ್ಥಿತಿಯ ಏರಿಳಿತ ತಡೆಯುವ ಲಿಥಿಯಂ ಶುರು ಮಾಡಿದರೆ, ಅದರ ಜೊತೆ ಈ ವಸ್ತುಗಳನ್ನು ಮುಟ್ಟಲೇಬೇಡಿ. ಅಪಸ್ಮಾರದಂತೆ ಸೆಳೆತ ಬಂದ ವರದಿಗಳು ಬಹಳ ಇವೆ.

ಸದ್ಯ ತುರ್ತಾಗಿ ಆಗಬೇಕಾದದ್ದು ಬೇರೆ. ನೀವು ಈಗ ಯಾವ ಔಷಧವೂ ಇಲ್ಲದೆ ಜಾರುತ್ತಿದ್ದೀರಿ ಎಂದು ನನಗೆ ಅನಿಸುತ್ತಿದೆ. ಮೊದಲು ಹೇಳಿದ ಹತ್ತು ದೇಶಗಳ ಪ್ರಯೋಗದಲ್ಲಿ 25 ಮಿ.ಗ್ರಾಂ. ಗುಂಪಿನ ಮೂವರಲ್ಲಿ ತಿಂಗಳ ಬಳಿಕ ಆತ್ಮಹತ್ಯೆಯ ನಡವಳಿಕೆ ಕಂಡುಬಂತು, ಮೂವರೂ ಚಿಕಿತ್ಸೆಗೆ ಸ್ಪಂದಿಸದವರು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ದೊಡ್ಡ ಆಸೆ ಕೈಕೊಟ್ಟ ಮೇಲಿನ ವಾರಗಳು ಒಬ್ಬರೇ ಕಳೆಯಬೇಕಾದ ವಾರಗಳಲ್ಲ. ಸಾಯುವ ಯೋಚನೆ ಒಂದು ಕ್ಷಣ ಬಂದು ಹೋಗಿದ್ದರೂ ಇಂದೇ ನಿಮ್ಮ ಮನೋವೈದ್ಯರಿಗೂ ಮನೆಯ ಒಬ್ಬರಿಗೂ ಹೇಳಿ. ಎಸ್ಸಿಟಲೋಪ್ರಾಮ್‌ಗೆ ಮರಳುವುದೇ, ಬೇರೆ ಗುಂಪಿನ ಔಷಧವೇ, ಎಸ್‌ಕೆಟಮಿನ್, ಮಿದುಳಿನ ಕಾಂತೀಯ ಉತ್ತೇಜನ ಅಥವಾ ಮಿದುಳಿಗೆ ವಿದ್ಯುತ್ ಹಾಯಿಸುವ ಇಸಿಟಿಯೇ ಎಂಬುದನ್ನು ಅವರೊಡನೆ ಕುಳಿತು ತೀರ್ಮಾನಿಸಿ. ಸೈಲೋಸಿಬಿನ್ ನಾಟದವರಿಗೆ ಇವು ನಾಟುವುದಿಲ್ಲ ಎಂಬ ನಿಯಮವೇನೂ ಇಲ್ಲ. ಇಸಿಟಿ ಎಂದ ಕೂಡಲೇ ಹಿಂಜರಿಯಬೇಡಿ, ತೀವ್ರ ಖಿನ್ನತೆಗೆ ಇಂದಿಗೂ ಅದರಷ್ಟು ಬಲವಾದ ಚಿಕಿತ್ಸೆ ಕಡಿಮೆ.

ಪ್ರಯೋಗ ನಡೆಸಿದವರಿಂದ ನಿಮ್ಮ ಅಂಕಗಳ ಪೂರ್ತಿ ದಾಖಲೆ ಕೇಳಿ ಪಡೆಯಿರಿ. ಯಾವ ಸಾಲುಗಳಲ್ಲಿ ಅಂಕ ಇಳಿದಿತ್ತು ನೋಡಿ. ನಿದ್ದೆಯೋ, ಹಸಿವೋ, ನಿರಾಶೆಯೋ? ಆ ಮೂರು ವಾರಗಳಲ್ಲಿ ಮೊದಲು ಹಗುರಾದದ್ದು ಯಾವುದು ಎಂಬುದು ನಿಮ್ಮ ವೈದ್ಯರಿಗೆ ಬಹಳ ಉಪಯೋಗದ ಮಾಹಿತಿ. ಜೊತೆಗೆ ಒಂದು ಹಾಳೆಯಲ್ಲಿ, ಗಂಟೆ ಕೇಳಿದ ಆ ನಾಲ್ಕು ಸಲವೂ ಅದರ ಹಿಂದಿನ ಕ್ಷಣ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ನೆನಪಿದ್ದಷ್ಟು ಬರೆಯಿರಿ. ಮುಂದಿನ ಭೇಟಿಗೆ ಹೋಗುವಾಗ ಆ ಹಾಳೆಯನ್ನು ಕೈಯಲ್ಲಿ ಹಿಡಿದು ಹೋಗಿ.